ಚಳಿಯಲ್ಲಿ ಸುಟ್ಟ ಬೇರಿಂಗ್

ನಾಗವೇಣಿಯ ನಾಲ್ಕನೆಯ ಬೇರಿಂಗೂ ಸುಟ್ಟು ಕಪ್ಪಾಗಿತ್ತು. ಅದೂ ಎಲ್ಲಿ? ಬೆರಳಿಟ್ಟರೆ ಬೆರಳೇ ಮರಗಟ್ಟುವ ದ್ರವ ನೈಟ್ರೋಜನ್‌ನಲ್ಲಿ ಮುಳುಗಿದ್ದಾಗ!

ಬೇರಿಂಗ್ ಅಂದರೆ ತಿರುಗುವ ಶಾಫ್ಟನ್ನು ಹಿಡಿದಿಡುವ ಬಳೆ. ಅಂಥ ಚಳಿಯಲ್ಲಿ ಎಣ್ಣೆ ಕಲ್ಲಾಗಿಬಿಡುತ್ತದೆ. ಹಾಗಾಗಿ ಆ ತಣ್ಣನೆಯ ದ್ರವವೇ ಬಳೆಗೂ ಶಾಫ್ಟಿಗೂ ನಡುವೆ ಕೂದಲಿಗಿಂತ ತೆಳ್ಳಗೆ ಹರಿದು ಎಣ್ಣೆಯ ಕೆಲಸ ಮಾಡಬೇಕು. ಆ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನಾಗವೇಣಿಯ ಮೂರು ವರ್ಷದ ತಪಸ್ಸು.

ಗುಡ್ಡದ ಹಿಂದಿನ ಪರೀಕ್ಷಾ ಶೆಡ್ಡಿನಲ್ಲಿ ಉಳಿದಿದ್ದು ಒಂದೇ ಬೇರಿಂಗ್. ಅದೂ ಸುಟ್ಟರೆ ಕೆಲಸ ನಿಲ್ಲಿಸಿ ಎಂದು ಮೇಲಿನವರು ಹೇಳಿಯಾಗಿತ್ತು.

ಅವಳು ಗುರುಗಳಾದ ಪದ್ಮರಾಜಯ್ಯನವರ ಮುಂದೆ ಬಂದು ನಿಂತಳು.

"ಮೇಷ್ಟ್ರೇ, ಲೆಕ್ಕದಲ್ಲಿ ತಪ್ಪಿಲ್ಲ. ಮೂರು ಸಲ ನೋಡ್ದೆ."

"ಈಗೇನು ನೋಡ್ತೀಯ?"

"ಇನ್ನೊಂದು ಸಲ ಲೆಕ್ಕಾನೇ."

"ಹಾಗಾದ್ರೆ ಐದನೇದೂ ಹೋಯ್ತು ಅಂದ್ಕೋ."

ನಾಗವೇಣಿಗೆ ಸಿಟ್ಟು ನೆತ್ತಿಗೇರಿತು. ಸೋತು ಮನೆಗೆ ಹೋಗುವ ಜಾಯಮಾನ ಅವಳದಲ್ಲ. ಲೆಕ್ಕ ಇನ್ನೂ ನಿಖರವಾಗಲೆಂದು, ಕಂಪ್ಯೂಟರಿನಲ್ಲಿ ಆ ತೆಳು ದ್ರವದ ಪದರವನ್ನು ಲಕ್ಷ ಚೂರು ಮಾಡಿದ್ದವಳು ಹತ್ತು ಲಕ್ಷ ಚೂರು ಮಾಡಿದಳು. ಹತ್ತು ದಿನ ಕೂತಳು. ಉತ್ತರ ಮಾತ್ರ ಅದೇ: ಬೇರಿಂಗ್ ಸುಡುವುದಿಲ್ಲ.

ಹನ್ನೊಂದನೆಯ ದಿನ ಗುರುಗಳು ಉದ್ದ ಹಿಡಿಯ ಸೌಟಿನಲ್ಲಿ ಅದೇ ದ್ರವ ತಂದು, ಅವಳ ಮೇಜಿನ ಪಕ್ಕದ ನೆಲಕ್ಕೆ ಸುರಿದರು. ಹನಿಗಳು ದಿಕ್ಕಾಪಾಲಾಗಿ ಓಡಿ ಮಾಯವಾದವು.

"ನೆಲ ಒದ್ದೆಯಾಯ್ತಾ?"

ಅವಳು ಬಗ್ಗಿ ನೋಡಿದಳು. "ಇಲ್ಲ."

"ಮತ್ತೆ ಯಾವುದರ ಮೇಲೆ ಓಡಿದ್ವು?"

"ತಮ್ಮ ಆವಿ ಮೇಲೆ. ನೆಲದ ಬಿಸಿಗೆ ಕುದಿದುಬಿಡ್ತವೆ."

"ಹನಿಯನ್ನ ಆವಿ ಹೊರುತ್ತೆ. ನಿನ್ನ ಶಾಫ್ಟನ್ನ?"

ಆವಿ ಶಾಫ್ಟಿನ ಭಾರ ಹೊರಲಾರದು! ಬೇರಿಂಗಿನೊಳಗೂ ದ್ರವ ಕುದಿದಿದ್ದರೆ? ನಾಗವೇಣಿ ಹಳೆಯ ದಾಖಲೆ ಪುಸ್ತಕಕ್ಕೆ ಕೈಹಾಕಿದಳು.

ಆ ಶೆಡ್ಡಿನಲ್ಲೊಂದು ಕಟ್ಟುನಿಟ್ಟು. ಮಾಪಕ ತೋರಿಸಿದ ಅಂಕಿಯನ್ನು ಹೊಡೆದುಹಾಕಬೇಕಾದರೆ ಗುರುಗಳ ಜೇಬಿನ ಕೆಂಪು ಪೆನ್ನೇ ಬೇಕು, ಇಬ್ಬರ ಸಹಿಯೂ ಬೇಕು. ನಾಲ್ಕು ಪರೀಕ್ಷೆಯಲ್ಲೂ ಬೇರಿಂಗ್ ಸುಡುವ ಮೊದಲು ಒತ್ತಡದ ಮುಳ್ಳು ಕುಣಿದಿತ್ತು. ಮಾಪಕ ಕೆಟ್ಟಿದೆ ಎಂದು ಬರೆದು ಅವಳು ಆ ಅಂಕಿಗಳನ್ನು ಹೊಡೆದುಹಾಕಿದ್ದಳು. ಪಕ್ಕದಲ್ಲಿ ಎರಡು ಸಹಿ.

"ಮುಳ್ಳು ಕುಣಿದಿದ್ದು ಆವಿಗೆ! ನೀವೂ ಸಹಿ ಹಾಕಿದೀರಲ್ಲ ಮೇಷ್ಟ್ರೇ?"

"ಹಾಕಿದೀನಿ. ನಿನ್ನ ಲೆಕ್ಕ ಅಷ್ಟು ಚೆನ್ನಾಗಿತ್ತು." ಮುದುಕರ ಮುಖ ನಾಚಿಕೆಯಿಂದ ಬಾಡಿತು.

ಅವಳು ಮೂರು ವರ್ಷದ ಲೆಕ್ಕವನ್ನು ಬದಿಗಿಟ್ಟು ಮತ್ತೆ ಮೊದಲಿನಿಂದ ಶುರುಮಾಡಿದಳು. ಈ ಸಲ ತಿರುಗುವ ಶಾಫ್ಟ್ ಹುಟ್ಟಿಸುವ ಬಿಸಿಯನ್ನು ಸೇರಿಸಿದಳು, ಕುದಿತವನ್ನು ಸೇರಿಸಿದಳು. ಹೊಡೆದುಹಾಕಿದ್ದ ಅಂಕಿಗಳು ಒಂದೊಂದಾಗಿ ಲೆಕ್ಕದೊಳಗೆ ಬಂದು ಕೂತವು. ದ್ರವವನ್ನು ಎಷ್ಟು ಒತ್ತಡದಲ್ಲಿ ಕಳಿಸಿದರೆ ಅದು ಕುದಿಯದು ಎಂಬುದೂ ಗೊತ್ತಾಯಿತು.

ಕೊನೆಯ ಬೇರಿಂಗ್ ಇಟ್ಟು, ಆ ಒತ್ತಡದಲ್ಲೇ ದ್ರವ ಹರಿಸಿ ಶಾಫ್ಟ್ ತಿರುಗಿಸಿದರು. ಹಿಂದಿನ ನಾಲ್ಕೂ ಸುಟ್ಟ ವೇಗ ಬಂತು. ನಾಗವೇಣಿ ಒತ್ತಡದ ಮುಳ್ಳನ್ನೇ ನೋಡಿದಳು; ಅದು ಕುಣಿಯಲಿಲ್ಲ. ಆ ವೇಗ ದಾಟಿತು. ಬಿಚ್ಚಿ ನೋಡಿದರೆ ಬಳೆ ಹೊಸದರಂತೆ ಹೊಳೆಯುತ್ತಿತ್ತು. ಅವಳಿಗೆ ಅಳುವೇ ಬಂತು.

ದಾಖಲೆ ಪುಸ್ತಕದಲ್ಲಿ ಈ ಪರೀಕ್ಷೆಯ ಒಂದೇ ಒಂದು ಅಂಕಿ ಲೆಕ್ಕಕ್ಕೆ ಹೊಂದದೆ ದೂರ ನಿಂತಿತ್ತು.

ಗುರುಗಳು ಕೆಂಪು ಪೆನ್ನು ತೆಗೆದು ಚಾಚಿದರು. "ಒಂದೇ ತಾನೇ? ಹೊಡೆದುಹಾಕು. ನಾಳೆ ಮೇಲಿನವರಿಗೆ ತೋರಿಸ್ಬೇಕು."

"ಬೇಡ ಮೇಷ್ಟ್ರೇ. ಅದು ಯಾಕೆ ಹಾಗಿದೆ ಅಂತ ನಂಗಿನ್ನೂ ಗೊತ್ತಿಲ್ಲ."

ಗುರುಗಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ತಗೋ. ಇನ್ಮೇಲೆ ಈ ಪೆನ್ನು ನಿನ್ನ ಹತ್ರಾನೇ ಇರ್ಲಿ."