ಗೇಟಿಗೆ ಅಡ್ಡ ನಿಂತ ಅರಸರ ರೈಲು

ಕೆಂಬಳ್ಳಿಯ ಅರಸರು ಒಂದು ಪುಟಾಣಿ ರೈಲು ತರಿಸಿದರು. ರೈಲಿಗಿಂತ ಅವರ ಜಂಬವೇ ಉದ್ದ. ದಿನಾ ಊಟವಾದ ಮೇಲೆ ಅದನ್ನು ಪೇಟೆಯ ಗೇಟಿನಲ್ಲೇ ರಸ್ತೆಗೆ ಅಡ್ಡ ನಿಲ್ಲಿಸಿ, ಹೊಂಗೆಮರದ ಗಾಳಿಗೆ ಒಳಗೇ ಗೊರಕೆ ಹೊಡೆಯುತ್ತಿದ್ದರು.

"ನಮ್ಮ ನಿದ್ದೆಗೆ ಭಂಗ ಬಾರದಂಥ ಕಾಯಿದೆ ಬರೆಯುವ ಜಾಣ ಇಲ್ಲಿ ಯಾರಾದರೂ ಇದ್ದೀರೋ?" ಎಂದರು ಒಂದು ದಿನ, ಜರಿಶಾಲು ತೋರಿಸುತ್ತಾ.

ಆಸ್ಥಾನದ ಅಣ್ಣಾಜಯ್ಯ ಜಾಣನೇ. ಶಾಲು ಕಂಡರೆ ಮಾತ್ರ ಬುದ್ಧಿಗೆ ಮಂಕು ಕವಿಯುತ್ತಿತ್ತು. "ನಿಂತ ರೈಲಿನ ಮುಂದೆ, ಹಿಂದೆ, ಅಡಿಯಲ್ಲಿ ಯಾರೂ ದಾಟಕೂಡದು. ದಾಟಿದರೆ ಸೆರೆಮನೆ" ಎಂದು ಗೀಚಿದ. ಶಾಲು ಹೊದ್ದು, ತನ್ನಂಥವನು ಹತ್ತೂರಿಗಿಲ್ಲ ಎಂದು ಬೀಗುತ್ತಾ ಮನೆಗೆ ಹೋದ.

ತಾನು ತೋಡಿದ ಗುಂಡಿಗೆ ತಾನೇ ಬೀಳಲು ಬಹಳ ಕಾಲ ಬೇಕಾಗಲಿಲ್ಲ. ಅಣ್ಣಾಜಯ್ಯನ ಮಗಳು ಕಮಲಿಗೆ ಹೆರಿಗೆ ನೋವು ಶುರುವಾಯಿತು. ಸೂಲಗಿತ್ತಿ ಗಿಡ್ಡಮ್ಮನನ್ನು ಕರೆದುಕೊಂಡು ಓಡೋಡಿ ಬಂದರೆ ಗೇಟಿನಲ್ಲಿ ರೈಲು! ಗೇಟಿನಾಚೆಯೇ ಮನೆ, ಮಗಳ ಕೂಗು ಇಲ್ಲಿಗೇ ಕೇಳುತ್ತಿತ್ತು.

"ಯಾವ ದಡ್ಡ ಮುಂಡೇದು ಬರೀತೋ ಈ ಕಾಯಿದೇನ!" ಎಂದು ಗಿಡ್ಡಮ್ಮ ಬೈದಳು.

"ಅವನಷ್ಟು ದಡ್ಡ ಇನ್ನೊಬ್ಬನಿಲ್ಲ ಕಣವ್ವಾ. ನಾನು ಚೆನ್ನಾಗಿ ಬಲ್ಲೆ" ಎಂದ ಅಣ್ಣಾಜಯ್ಯ. ಹಾಗೆ ಹೇಳುತ್ತಲೇ ಹೊಳೆಯಿತು. ದಡ್ಡ ಬರೆದದ್ದೆಂದ ಮೇಲೆ ಎಲ್ಲೋ ತೂತು ಇರಲೇಬೇಕು!

ಸರಕ್ಕನೆ ಅರಸರ ಡಬ್ಬಿಯ ಬಾಗಿಲು ತೆಗೆದ. ಗಿಡ್ಡಮ್ಮನನ್ನು ಹತ್ತಿಸಿ, ಗೊರಕೆಯ ಪಕ್ಕದಲ್ಲೇ ನಡೆಸಿ, ಆಚೆ ಬಾಗಿಲಿಂದ ಇಳಿಸಿದ. ಅವಳು ಮನೆಗೆ ಓಡಿದಳು. ಕಾದು ಸಾಕಾಗಿದ್ದ ಜನ ಬಿಡುತ್ತಾರೆಯೇ? ಮೊಸರಿನವಳು ಹತ್ತಿದಳು, ಓಲಗದ ಸಮೇತ ಮದುವೆ ದಿಬ್ಬಣ ಹತ್ತಿತು, ಅಗಸರ ಕತ್ತೆಯೂ ಹತ್ತಿ ಅರಸರ ದಿಂಬು ಮೂಸಿತು.

ಅರಸರು ಬೆಚ್ಚಿಬಿದ್ದು ಎದ್ದರು. "ಅಣ್ಣಾಜಯ್ಯ! ಏನಿದು? ನಮ್ಮ ಹಾಸಿಗೆ ಹತ್ತಿರ ಕತ್ತೆ!"

"ಮುಂದೆ, ಹಿಂದೆ, ಅಡಿಯಲ್ಲಿ ದಾಟಬಾರದು ಅಂತ ಕಾಯಿದೆ, ಪ್ರಭೂ. ಒಳಗಿಂದ ದಾಟಬಾರದು ಅಂತ ಇಲ್ಲ."

"ಇಷ್ಟು ದೊಡ್ಡ ತೂತು ಬಿಟ್ಟ ಮೂರ್ಖ ಯಾರು?"

"ತಾವು ಶಾಲು ಹೊದಿಸಿದಿರಲ್ಲ, ಅವನೇ."

ಅರಸರಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಆಚೆಯಿಂದ ಎಳೆ ಕೂಸಿನ ಅಳು ಕೇಳಿತು. ಅಣ್ಣಾಜಯ್ಯನ ಕಣ್ಣು ತುಂಬಿತು.

"ಇನ್ನು ನಮ್ಮ ರೈಲು ದಾರಿಗೆ ಅಡ್ಡ ನಿಲ್ಲಕೂಡದು" ಎಂದರು ಅರಸರು. "ಈ ಕಾಯಿದೆಯನ್ನೂ ನೀನೇ ಬರಿ. ಇನ್ನೊಂದು ಶಾಲು ಕೊಡುತ್ತೇವೆ."

"ಶಾಲು ಕೊಡಿ ಪ್ರಭೂ, ಕೂಸಿಗೆ ಹೊದಿಸುತ್ತೇನೆ. ಕಾಯಿದೆ ಮಾತ್ರ ಬೇರೆ ಯಾರಾದರೂ ಬರೆಯಲಿ. ನಾನು ದಿನಾ ಇದೇ ಗೇಟು ದಾಟಬೇಕು!"