ಮೇಟಿ ಪಕ್ಕದ ಎತ್ತು

ಕಣದ ನಡುವೆ ನೆಟ್ಟ ಮೇಟಿಕಂಬಕ್ಕೆ ನಾಲ್ಕು ಎತ್ತುಗಳನ್ನು ಸಾಲಾಗಿ ಕಟ್ಟಿ ರಾಗಿ ತೆನೆ ತುಳಿಸುತ್ತಿದ್ದರು. ಕಂಬಕ್ಕೆ ಅಂಟಿಕೊಂಡಂತಿದ್ದ ಹಂಡನೆಂಬ ಎತ್ತು ನಿಂತಲ್ಲೇ ತಿರುಗಿದರೆ ಸಾಕು. ಸಾಲಿನ ಹೊರತುದಿಯ ಕೆಂದ ಮಾತ್ರ ಕಣವನ್ನೆಲ್ಲ ಓಡಿ ಸುತ್ತಬೇಕು. ಹಂಡನ ಎದೆ ಉಬ್ಬಿತ್ತು. ಇಡೀ ಸಾಲು ತನ್ನ ಸುತ್ತಲೇ ತಿರುಗುತ್ತಿದೆಯಲ್ಲ!

"ಅಣ್ಣಾ, ಈ ನಾಯಕತನ ನನಗೂ ಕಲಿಸ್ತೀಯಾ?" ಏದುಸಿರು ಬಿಡುತ್ತ ಕೆಂದ ಕೇಳಿದ.

"ಕಲಿತರೆ ಬರೋದಲ್ಲ ಕಣೋ ಇದು," ಎಂದು ಹಂಡ ಮೂಗು ಮುರಿದ. "ಹುಟ್ಟಿನಿಂದಲೇ ಬರಬೇಕು. ನಮ್ಮಪ್ಪ ಬಾಳಿದ್ದೂ ಇದೇ ಕಂಬದ ಪಕ್ಕ. ನೀನು ಸುಮ್ಮನೆ ಓಡು."

ಅಷ್ಟರಲ್ಲಿ ಎತ್ತುಗಳ ಒಡತಿ ಗಿರಿಯಮ್ಮನ ತಮ್ಮ ಕಣಕ್ಕೆ ಬಂದು ಅವಳನ್ನು ಕೇಳಿದ: "ಅಕ್ಕಾ, ಹಂಡ ನೋಡೋಕೆ ಗಟ್ಟಿಮುಟ್ಟಾಗಿದೆ. ಮೇಟಿಗೆ ಯಾಕೆ ಕಟ್ಟಿದ್ದೀಯ?"

"ಇನ್ನೆಲ್ಲಿ ಕಟ್ಟೋದಪ್ಪಾ? ಅದು ಹುಟ್ಟುಕುಂಟ. ಅದರಪ್ಪನೂ ಕುಂಟನೇ. ಸಾಲು ನಡೆಸೋದು ಹೊರಗಿನ ಆ ಕೆಂದ. ಅದನ್ನ ಪಳಗಿಸೋಕೆ ಎರಡು ಸುಗ್ಗಿ ಹಿಡೀತು."

ಉಳಿದ ಮೂರೂ ಎತ್ತುಗಳು ಹಂಡನ ಮುಖ ನೋಡಿದವು. ಹಂಡ ಕತ್ತು ಇನ್ನಷ್ಟು ಮೇಲೆತ್ತಿ ಕೆಂದನಿಗೆ ಹೇಳಿದ:

"ಕೇಳಿಸಿತೇನೋ? ಹುಟ್ಟಿನಿಂದಲೇ ಬಂದದ್ದು ಅಂತ ಒಡತಿಯೇ ಒಪ್ಪಿಕೊಂಡಳು!"