ಅಮಾವಾಸ್ಯೆ ದಾಟಿಸಿದ ಮಾಳವ್ವ

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಕೇಳಿದರೆ ನಮ್ಮಜ್ಜನೂ ತಲೆ ಕೆರೆದುಕೊಳ್ಳುತ್ತಿದ್ದ, ಸಿಂಗನಗುಡ್ಡದ ಬುಡದಲ್ಲಿ ಒಂದು ಹಟ್ಟಿ ಇತ್ತು. ಕುರಿ ಕಾಯುವವರ ಹಟ್ಟಿ. ಅಲ್ಲಿ ಮನುಷ್ಯರಿಗಿಂತ ಕುರಿ ಹೆಚ್ಚು, ಕುರಿಗಿಂತ ಕಲ್ಲು ಹೆಚ್ಚು. ಆ ಹಟ್ಟಿಯಲ್ಲಿ ಮಾಳವ್ವ ಅಂತ ಒಬ್ಬಳಿದ್ದಳು.

ಮಾಳವ್ವ ಮಕ್ಕಳಿಗೆ ಎಲೆ ಕಲಿಸುವವಳು. ಯಾವ ಎಲೆ ಕುರಿಗೆ ಮೇವು, ಯಾವ ಎಲೆ ವಿಷ, ಯಾವುದು ಬರೀ ಹೊಟ್ಟೆ ಉಬ್ಬರಿಸಿ ಬಿಡುತ್ತದೆ, ಎಲ್ಲ ಕಲಿಸುತ್ತಿದ್ದಳು. ಮಳೆ ಶುರುವಾದ ಮೇಲೆ ದೊಡ್ಡವರು ದೊಡ್ಡ ಕುರಿ ಹೊಡೆದುಕೊಂಡು ದೂರದ ಹುಲ್ಲಿಗೆ ಹೋಗಿಬಿಡುತ್ತಿದ್ದರು. ಆ ವರ್ಷದ ಮರಿಗಳೆಲ್ಲ ಮಕ್ಕಳ ಕೈಗೆ. ಹಟ್ಟಿಯ ಮುಂದಿನ ಬದುಕೆಲ್ಲ ಆ ಮರಿಗಳಲ್ಲೇ ಇತ್ತು. ಹಾಗಾಗಿ ಮಾಳವ್ವ ಹೂಂ ಅನ್ನುವವರೆಗೆ ಯಾವ ಮಗುವಿನ ಕೈಗೂ ಕೋಲು ಕೊಡುತ್ತಿರಲಿಲ್ಲ.

ಕತ್ತಲಲ್ಲಿ ಕುರಿ ಮೆಲುಕು ಹಾಕುವ ಸದ್ದು ಕೇಳಿ ಅದು ಹಗಲು ಏನು ತಿಂದಿದೆ ಎಂದು ಮಾಳವ್ವ ಹೇಳುತ್ತಿದ್ದಳು ಅಂತಾರೆ. ಅಂತಾರೆ, ನಾನೇನು ಕಂಡಿಲ್ಲ. ಆದರೆ ಅವಳ ಹತ್ತಿರ ಒಂದು ಹಾಡಿತ್ತು, ಅದು ನಿಜ. ಅವಳ ತಾಯಿ ಕಟ್ಟಿದ ಹಾಡು. ಗುಡ್ಡದ ಎಲೆಗಳೆಲ್ಲ ಅದರಲ್ಲಿ ಸಾಲಾಗಿ ಬರುತ್ತಿದ್ದವು, ಒಂದೊಂದಕ್ಕೂ ಒಂದೊಂದು ಗುರುತು. ತಾಯಿ ಸಾಯುವಾಗ ಮಾಳವ್ವ ಆ ಹಾಡನ್ನೇ ಹಾಡಿ ಕಣ್ಣು ಮುಚ್ಚಿಸಿದ್ದಳಂತೆ. ಮಕ್ಕಳಿಗೂ ಹಾಡಿಯೇ ಕಲಿಸುತ್ತಿದ್ದಳು. ಅವಳ ಮೊಮ್ಮಗಳು ನಿಂಗಿ ಆ ಹಾಡು ಎತ್ತಿದರೆ ಬೀಸುವವರು ಬೀಸುಕಲ್ಲು ನಿಲ್ಲಿಸಿ ಕೇಳುತ್ತಿದ್ದರು.

ಹೀಗಿರುವಾಗ ಒಂದು ಬೇಸಿಗೆಯ ಕೊನೆಗೆ ವೆಂಕೋಬ ಅನ್ನುವವನು ಬಂದ. ತಲೆಯ ಮೇಲೆ ಒಂದು ಪೆಟ್ಟಿಗೆ. ಪೆಟ್ಟಿಗೆಗೆ ಒಂದು ತೂತು, ತೂತಿಗೆ ಗಾಜು, ಒಳಗೆ ದೀಪ. ಹಿಡಿಕೆ ತಿರುವಿದರೆ ಒಳಗೆ ಚಿತ್ರ ಸರಿಯುತ್ತಿತ್ತು. ಅವನ ಪೆಟ್ಟಿಗೆಯಲ್ಲಿ ರಾಜರೂ ಇರಲಿಲ್ಲ, ದೇವರೂ ಇರಲಿಲ್ಲ. ಗಿಡಗಳಿದ್ದವು. ಹೂವಿನ ಸಮೇತ, ಕಾಯಿಯ ಸಮೇತ, ಬಣ್ಣ ಬಳಿದ ಗಿಡಗಳು. ಊರೂರು ತಿರುಗಿ ಕುರಿ ಕಾಯುವವರ ಮಕ್ಕಳಿಗೆ ಇದನ್ನು ತೋರಿಸುವುದೇ ಅವನ ಕಸುಬು. ಮೋಸಗಾರನಲ್ಲ, ತನ್ನ ಪೆಟ್ಟಿಗೆಯನ್ನು ಮೊದಲು ನಂಬಿದವನು ಅವನೇ.

ಮಕ್ಕಳು ಮುಗಿಬಿದ್ದವು. ಒಂದೇ ಮಧ್ಯಾಹ್ನದಲ್ಲಿ ಅಷ್ಟೂ ಗಿಡದ ಹೆಸರು ಕೂಗಿ ಹೇಳತೊಡಗಿದವು. ಹಟ್ಟಿಯ ಗೌಡ ಸಿದ್ದಮಲ್ಲಪ್ಪನಿಗೆ ಕಣ್ಣು ತುಂಬಿತು. ಮಾಳವ್ವ ಒಂದು ಬೇಸಿಗೆಯೆಲ್ಲ ಕೂತು ಕಲಿಸುವುದನ್ನು ಪೆಟ್ಟಿಗೆ ಒಂದು ಹೊತ್ತಿನಲ್ಲಿ ಕಲಿಸಿತಲ್ಲ ಎಂದ. ಎರಡು ಟಗರು ಕೊಟ್ಟು ಪೆಟ್ಟಿಗೆ ಇಟ್ಟುಕೊಳ್ಳೋಣ, ಇನ್ನು ಹಾಡು ಗೀಡು ಸಾಕು ಎಂದ. ಎಲ್ಲರೂ ತಲೆ ಆಡಿಸಿದರು. ಹೊಸದು ಬಂದಾಗ ತಲೆಗಳು ತಾವಾಗಿಯೇ ಆಡುತ್ತವೆ.

ಮಾಳವ್ವ ಜಗಳ ತೆಗೆಯುತ್ತಾಳೆ ಎಂದು ಜನ ಕಾದರು. ಅವಳು ತೆಗೆಯಲಿಲ್ಲ. ತಾನೂ ಹೋಗಿ ಗಾಜಿಗೆ ಕಣ್ಣಿಟ್ಟು ನೋಡಿದಳು, ಚಂದ ಇದೆ ಎಂದಳು. ಒಳಗೊಳಗೆ ಹೊಟ್ಟೆ ಉರಿಯದೆ ಇರಲಿಲ್ಲ, ಅವಳೂ ಮನುಷ್ಯಳೇ ತಾನೆ. ಆಮೇಲೆ ಗೌಡನ ಕಡೆ ತಿರುಗಿ ಒಂದೇ ಮಾತು ಹೇಳಿದಳಂತೆ.

"ಇವತ್ತು ಕಲ್ತದ್ದು ಇವತ್ತು ಕೇಳಿದ್ರ ಎಲ್ಲರಿಗೂ ಬರ್ತದ ಗೌಡ. ಅಮಾಸಿ ದಾಟ್ಲಿ. ಆಮ್ಯಾಲ ಕೇಳೂಣು."

ಮುದುಕಿ ದಿನ ತಳ್ಳುತ್ತಿದ್ದಾಳೆ ಎಂದು ಕೆಲವರು ನಕ್ಕರು. ಆದರೂ ಗೌಡ ಒಪ್ಪಿದ. ಒಂದಷ್ಟು ಮಕ್ಕಳು ವೆಂಕೋಬನ ಪೆಟ್ಟಿಗೆಗೆ, ಒಂದಷ್ಟು ಮಕ್ಕಳು ಮಾಳವ್ವನ ಹಾಡಿಗೆ. ಇನ್ನು ಕೆಲವು ಮಕ್ಕಳು ಉಳಿದವು. ಹಾಡಲು ದನಿ ಇಲ್ಲದವು, ಪೆಟ್ಟಿಗೆಯ ಮುಂದಿನ ನೂಕಾಟದಲ್ಲಿ ಹಿಂದೆ ಬಿದ್ದವು. ತೊದಲು ಮಾತಿನ ಹನುಮಿ ಅವರಲ್ಲಿ ಒಬ್ಬಳು. ಇವರಿಗೆ ಏನು ಮಾಡುವುದು? ಮನೆಯ ಹಿಂದೆ ಕಟ್ಟಿದ ಸೊರಗು ಮರಿಗಳಿಗೆ ಸೊಪ್ಪು ತಂದು ಹಾಕಿ ಎಂದು ಮಾಳವ್ವ ಗುಡ್ಡಕ್ಕೆ ಅಟ್ಟಿದಳು.

ತಂದ ಸೊಪ್ಪನ್ನು ಮರಿಯ ಬಾಯಿಗೆ ಕೊಡುವ ಮೊದಲು, ಇದು ಯಾವುದು, ಕೊಡಬಹುದೋ ಬಾರದೋ ಎಂದು ಕೇಳುತ್ತಿದ್ದಳು. ತಪ್ಪಿದರೆ ಬೈಯುತ್ತಿರಲಿಲ್ಲ. ಆ ಎಲೆಯನ್ನು ತಿರುಗಿಸಿ ತೋರಿಸಿ, ಹಿಸುಕಿ ಮೂಸಲು ಕೊಟ್ಟು, ಆಚೆ ಎಸೆಯುತ್ತಿದ್ದಳು. ಒಂದೆರಡು ದಿನ ಬಿಟ್ಟು ಅದೇ ಎಲೆಯನ್ನು ಬೇರೆ ಎಲೆಗಳ ನಡುವೆ ಸೇರಿಸಿ ಮತ್ತೆ ಕೇಳುತ್ತಿದ್ದಳು. ಇದನ್ನು ಅವಳು ಪಾಠ ಅಂದುಕೊಂಡಿರಲಿಲ್ಲ. ಮರಿ ಸಾಯಬಾರದು, ಅಷ್ಟೇ.

ಅಮಾವಾಸ್ಯೆ ದಾಟಿತು. ಮೊದಲ ಮಳೆಯೂ ಬಿತ್ತು. ಗುಡ್ಡ ಹಸಿರಾಯಿತು, ಎಲ್ಲ ಗಿಡವೂ ಚಿಗುರಿತು, ಯಾವುದಕ್ಕೂ ಇನ್ನೂ ಹೂವಿಲ್ಲ. ಹಟ್ಟಿಯೆಲ್ಲ ಇಳಿಜಾರಿನಲ್ಲಿ ಸೇರಿತು. ಮಾಳವ್ವ ಬುಟ್ಟಿಯಲ್ಲಿ ಎಲೆಗಳನ್ನು ಬೆರೆಸಿ ತಂದಿದ್ದಳು. ಮಗುವಿನ ಪಕ್ಕದಲ್ಲಿ ಒಂದು ಹಸಿದ ಮರಿ ನಿಲ್ಲಬೇಕು, ಮರಿ ಬಾಯಿ ಹಾಕುವುದರೊಳಗೆ ಮಗು ಹೇಳಬೇಕು. ಅದೇ ಪರೀಕ್ಷೆ.

ಮೊದಲು ಪೆಟ್ಟಿಗೆಯ ಮಕ್ಕಳು. ಉಮ್ಮತ್ತಿ ಅಂದರೆ ವಿಷ. ಪೆಟ್ಟಿಗೆಯ ಉಮ್ಮತ್ತಿಗೆ ಬಿಳಿ ಹೂವಿತ್ತು, ಮುಳ್ಳಿನ ಕಾಯಿತ್ತು. ಬುಟ್ಟಿಯ ಉಮ್ಮತ್ತಿಯಲ್ಲಿ ಬರೀ ಎಲೆ. ಮಕ್ಕಳು ಹೂವು ಹುಡುಕಿದವು, ಕಾಣಲಿಲ್ಲ. ಒಂದೆರಡು ಸರಿ ಹೇಳಿದವು, ಉಳಿದವು ಬಾಯಿಗೆ ಬಂದದ್ದು ಹೇಳಿದವು. ಮಾಳವ್ವ ಪ್ರತಿ ಸಲ ಮರಿಯ ಮೂತಿ ಹಿಡಿದು ಹಿಂದಕ್ಕೆ ತಳ್ಳಬೇಕಾಯಿತು. ವೆಂಕೋಬ ಕೆಳಗೆ ಕೂತುಬಿಟ್ಟ.

ಆಮೇಲೆ ಹಾಡಿನ ಮಕ್ಕಳು. ಇವರು ವಾಸಿ. ಹೆಚ್ಚು ಎಲೆ ಸರಿ ಹೇಳಿದರು. ಜನರ ಮನಸ್ಸು ತಿರುಗಿತು, ಮಾಳವ್ವನ ಹಾಡೇ ಹಾಡು ಎನ್ನತೊಡಗಿದರು. ಕೊನೆಗೆ ನಿಂಗಿಯ ಸರದಿ. ಪಕ್ಕದಲ್ಲಿ ನಿಂತದ್ದು ಅವಳೇ ಸಾಕಿದ ಮರಿ. ಮಾಳವ್ವ ಅವಳ ಕೈಗೆ ಉಮ್ಮತ್ತಿಯ ಎಳೆ ಎಲೆ ಇಟ್ಟಳು.

ನಿಂಗಿ ಎಲೆ ನೋಡಿದಳು. ಕಣ್ಣು ಮುಚ್ಚಿದಳು. ಹಾಡನ್ನು ಮೊದಲಿನಿಂದ ಎತ್ತಿದಳು. ಎಷ್ಟು ಚಂದ ಹಾಡಿದಳೆಂದರೆ ಜನ ಪರೀಕ್ಷೆಯನ್ನೇ ಮರೆತರಂತೆ. ಕರಕಿ ಬಂತು, ಬನ್ನಿ ಬಂತು, ಜಾಲಿ ಬಂತು. ಮರಿ ಕತ್ತು ಚಾಚಿತು. ಹಾಡಿನಲ್ಲಿ ಉಮ್ಮತ್ತಿಯ ಸಾಲೂ ಬಂತು. ಹಿಸುಕಿದರೆ ನಾರುವುದು, ಅದು ಉಮ್ಮತ್ತಿ, ಅದ ಮೇಯಿಸಬೇಡ ಎಂದು ನಿಂಗಿ ಒಂದಕ್ಷರ ತಪ್ಪದೆ ಹಾಡಿದಳು. ಕೈಯಲ್ಲಿನ ಎಲೆಯನ್ನು ಮಾತ್ರ ಹಿಸುಕಲಿಲ್ಲ. ಆ ಸಾಲು ದಾಟಿ ಮುಂದಿನ ಸಾಲಿಗೆ ಹೋದಳು. ಅಷ್ಟರಲ್ಲಿ ಮರಿ ಎಲೆ ಎಳೆದುಕೊಂಡಿತ್ತು.

ಮಾಳವ್ವ ಮರಿಯ ಬಾಯಿಗೆ ಬೆರಳು ತುರುಕಿ ಎಲೆ ಈಚೆ ಎಳೆದಳು. ಬೆರಳಿನಿಂದ ರಕ್ತ ಬಂತು.

ಕೊನೆಗೆ, ಲೆಕ್ಕಕ್ಕಿಲ್ಲದ ಆ ಮಕ್ಕಳನ್ನೂ ಕರೆದಳು. ಹನುಮಿ ಬಂದಳು. ಅದೇ ಎಲೆ ಕೊಟ್ಟರು. ಹನುಮಿ ಹಿಸುಕಿದಳು, ಮೂಸಿದಳು, ಬೆನ್ನ ಹಿಂದೆ ಎಸೆದಳು. ಬಾಯಿ ಬಿಡಲೇ ಇಲ್ಲ. ಮಿಕ್ಕ ಮಕ್ಕಳೂ ಹಾಗೆಯೇ. ಅಲ್ಲೊಂದು ಇಲ್ಲೊಂದು ತಪ್ಪಿದವು, ಇಲ್ಲವೆಂದಲ್ಲ. ಆದರೆ ಅವರ ಪಕ್ಕದ ಮರಿಗಳನ್ನು ಮಾಳವ್ವ ಹಿಡಿದುಕೊಳ್ಳಬೇಕಾದ ಪ್ರಸಂಗ ಹೆಚ್ಚು ಬರಲಿಲ್ಲ.

ಗೌಡ ಎದ್ದು ನಿಂತ. ಪೆಟ್ಟಿಗೆ ಸೋತಿತು, ಹಾಡು ಗೆದ್ದಿತು, ನಿಂಗಿ ಹೆದರಿ ತಪ್ಪಿದಳು, ಅದನ್ನು ಹಿಡಿಯುವುದು ಬೇಡ ಎಂದ. ಜನಕ್ಕೂ ಅದೇ ಬೇಕಿತ್ತು. ಮಾಳವ್ವ ಸುಮ್ಮನೆ ತಲೆ ಆಡಿಸಿದ್ದರೆ ಸಾಕಿತ್ತು. ತಾಯಿಯ ಹಾಡು ಉಳಿಯುತ್ತಿತ್ತು, ಮೊಮ್ಮಗಳ ಮಾನ ಉಳಿಯುತ್ತಿತ್ತು, ಅವಳದೂ ಉಳಿಯುತ್ತಿತ್ತು. ಅವಳು ಬೆರಳಿಗೆ ಸೆರಗು ಸುತ್ತಿಕೊಂಡಳಂತೆ. ಆಮೇಲೆ ಹೇಳಿದಳು.

"ಪೆಟಿಗಿ ಅಷ್ಟ ಅಲ್ಲ ಗೌಡ, ನನ್ನ ಹಾಡೂ ಸೋತತಿ. ಈ ಹುಡುಗಿ ಹೆದರಿಲ್ಲ. ನಾ ಕಲಿಸಿದ್ದನ್ನ ಕಲ್ತಾಳ. ನಾ ಕಲಿಸಿದ್ದು ಹಾಡು, ಎಲಿ ಅಲ್ಲ."

ನಿಂಗಿ ಅತ್ತಳು. ಆಯಿ, ನಾ ಒಂದಕ್ಷರಾನೂ ಬಿಟ್ಟಿಲ್ಲ ಎಂದು ಅತ್ತಳು. ಹೌದವ್ವ, ಬಿಟ್ಟಿಲ್ಲ ಎಂದು ಮಾಳವ್ವನೂ ಅತ್ತಳು. ಆ ವರ್ಷ ನಿಂಗಿಗೆ ಕೋಲು ಸಿಗಲಿಲ್ಲ. ಹನುಮಿಗೆ ಸಿಕ್ಕಿತು.

ಅಂದಿನಿಂದ ಮಾಳವ್ವ ಹಾಡಿ ಕಲಿಸುವುದನ್ನು ಬಿಟ್ಟಳು. ಎಲ್ಲ ಮಕ್ಕಳೂ ಸೊರಗು ಮರಿಯ ಮುಂದೆ ಎಲೆ ಹಿಡಿದು ನಿಂತೇ ಕಲಿಯಬೇಕಾಯಿತು, ಅದರಲ್ಲಿ ನಿಂಗಿಯೂ ಒಬ್ಬಳು. ವೆಂಕೋಬನನ್ನೂ ಅಟ್ಟಲಿಲ್ಲ. ದೂರದ ಗುಡ್ಡದ ಗಿಡಗಳನ್ನು ನಮ್ಮ ಮಕ್ಕಳು ಕಂಡಿಲ್ಲ, ಅವನ್ನು ತೋರಿಸು, ಆದರೆ ಹೂವು ಮುಚ್ಚಿ ಕೇಳು ಎಂದಳಂತೆ. ಅವನು ಹಾಗೆಯೇ ಮಾಡಿದ. ಅಲ್ಲಿಂದ ಮುಂದೆ ಆ ಹಟ್ಟಿಯಲ್ಲಿ ಒಂದು ಮರಿಯೂ ವಿಷ ತಿಂದು ಸಾಯಲಿಲ್ಲ ಅಂತಾರೆ. ಅದು ಸುಳ್ಳಿರಬೇಕು, ಮರಿಗಳು ಸಾಯುತ್ತವೆ. ಕಡಿಮೆ ಸತ್ತವು ಅಂದರೆ ನಾನು ನಂಬುತ್ತೇನೆ. ಮಾಳವ್ವನೂ ಅಷ್ಟನ್ನೇ ನಂಬುತ್ತಿದ್ದಳು.

ಇವತ್ತಿಗೂ ಆ ಹಟ್ಟಿಗೆ ಯಾರಾದರೂ ಹೊಸ ಔಷಧಿ, ಹೊಸ ಯಂತ್ರ, ಹೊಸ ಪಾಠ ಹೊತ್ತುಕೊಂಡು ಹೋದರೆ ರೊಟ್ಟಿ ಹಾಕುತ್ತಾರೆ, ಮಜ್ಜಿಗೆ ಕೊಡುತ್ತಾರೆ, ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. ಅಮಾಸಿ ದಾಟ್ಲಿ ಅನ್ನುತ್ತಾರೆ. ಗುಡ್ಡದ ಬುಡದಲ್ಲಿ ಮಾಳವ್ವನ ಕಲ್ಲಿದೆ. ಮೊದಲ ಮಳೆಯಾದ ಮೇಲೆ ಮಕ್ಕಳು ಅಲ್ಲಿ ಒಬ್ಬೊಬ್ಬರಾಗಿ ನಿಂತು, ಕೈಗೆ ಕೊಟ್ಟ ಎಲೆ ಯಾವುದೆಂದು ಹೇಳುತ್ತಾರೆ. ತಪ್ಪಿದವರನ್ನು ಯಾರೂ ಆಡಿಕೊಳ್ಳುವುದಿಲ್ಲ, ಮತ್ತೆ ಬಾ ಅನ್ನುತ್ತಾರೆ.

ಹಾಡು ಸತ್ತಿಲ್ಲ. ಆ ದಿನ ಅದನ್ನೂ ಹಾಡುತ್ತಾರೆ. ಆದರೆ ಮೊದಲಿನಿಂದ ಯಾರೂ ಎತ್ತುವುದಿಲ್ಲ. ಒಬ್ಬ ಹಿರಿಯಳು ಯಾವುದೋ ಒಂದು ಎಲೆ ಎತ್ತಿ ಹಿಡಿಯುತ್ತಾಳೆ, ಮಕ್ಕಳು ಅದನ್ನು ಹಿಸುಕಿ ಮೂಸಿ, ಆ ಎಲೆಯ ಸಾಲಿನಿಂದಲೇ ಹಾಡು ಶುರು ಮಾಡಬೇಕು. ಹಾಗೆ ಮೊದಲು ಎಲೆ ಎತ್ತಿ ಹಿಡಿದವಳು, ಮುದುಕಿಯಾದ ಮೇಲೆ, ನಿಂಗಿಯಂತೆ.